ನಾಲ್ಕು ಗಂಟೆಗೆ ಸರಿಯಾಗಿ: ಸೊಬಿಬೋರ್ ಬಂಡಾಯವನ್ನು ಕೇಳಿಸಿಕೊಳ್ಳುವ ಬಗೆ

ಈಗಷ್ಟೇ ನೀವು ನೋಡಿದ ಚಿತ್ರದಲ್ಲಿ ಒಂದು ಗುಂಡೂ ಹಾರಲಿಲ್ಲ, ಒಂದು ಹನಿ ರಕ್ತವೂ ಕಾಣಲಿಲ್ಲ. ಸುಮಾರು 95 ನಿಮಿಷ ನಾವು ನೋಡಿದ್ದು ರೈಲು ಹಳಿಗಳನ್ನು, ಕಾಡನ್ನು, ಒಂದಷ್ಟು ಬಿಳಿಯ ಬಾತುಗಳನ್ನು, ಮತ್ತು ಕುಳಿತು ಮಾತನಾಡುವ ಒಬ್ಬ ಮನುಷ್ಯನ ಮುಖವನ್ನು. ಆದರೂ ದೀಪ ಹಾಕಿದ ಮೇಲೆ ಈ ಸಭೆಯಲ್ಲಿ ಯಾರೂ ಕೂಡಲೇ ಮಾತಾಡಲಿಲ್ಲ. ಆ ಮೌನ ಎಲ್ಲಿಂದ ಬಂತು ಎನ್ನುವುದನ್ನೇ ನಾನು ಈ ಹೊತ್ತು ವಿಚಾರಿಸಬೇಕೆಂದಿದ್ದೇನೆ.

ಮೊದಲು ಚಿತ್ರದ ಹೆಸರನ್ನು ಗಮನಿಸಿ. ಫ್ರಾನ್ಸಿನ ಕ್ಲೋದ್ ಲಾಂಝ್‌ಮನ್ 2001ರಲ್ಲಿ ಹೊರತಂದ ಈ ಸಾಕ್ಷ್ಯಚಿತ್ರದ ಹೆಸರು 'ಸೊಬಿಬೋರ್, 14 ಅಕ್ಟೋಬರ್ 1943, ಸಂಜೆ 4 ಗಂಟೆ'. ಆ ದಿನ, ಆ ಹೊತ್ತಿಗೆ ಪೋಲೆಂಡಿನ ಸೊಬಿಬೋರ್‌ನ ನಾಜಿ ಶಿಬಿರದಲ್ಲಿ ಯಹೂದಿ ಕೈದಿಗಳು ಬಂಡೆದ್ದರು. ಹೆಸರಿನಲ್ಲಿರುವುದು ಊರು, ದಿನ, ಗಳಿಗೆ, ಅಷ್ಟೇ. ನಮ್ಮಲ್ಲಿ ಈ ಮೂರನ್ನೂ ಒಟ್ಟಿಗೆ ಬರೆಯುವುದು ಲಗ್ನಪತ್ರಿಕೆಯಲ್ಲಿ, ಇಲ್ಲವೇ ಠಾಣೆಗೆ ಕೊಡುವ ದೂರಿನಲ್ಲಿ. ವೀರ, ಬಂಡಾಯ, ಬಿಡುಗಡೆ ಮುಂತಾದ ದೊಡ್ಡ ಮಾತುಗಳಲ್ಲಿ ಒಂದನ್ನೂ ನಿರ್ದೇಶಕರು ಹೆಸರಿನೊಳಗೆ ತರಲಿಲ್ಲ. ಗಳಿಗೆಯನ್ನು ಮಾತ್ರ ಬಿಡಲಿಲ್ಲ. ಅದೇಕೆ ಎನ್ನುವುದಕ್ಕೆ ಆಮೇಲೆ ಬರುತ್ತೇನೆ.

ಅದಕ್ಕೆ ಮೊದಲು ನಮ್ಮ ಭಾಷೆಯ ಒಂದು ತೊಡಕನ್ನು ಹೇಳಬೇಕು. ಕನ್ನಡದಲ್ಲಿ ನಾಜಿಗಳ ಶಿಬಿರಗಳಿಗೆಲ್ಲ 'ಯಾತನಾ ಶಿಬಿರ' ಎಂಬ ಒಂದೇ ಮಾತು ಬಳಕೆಯಲ್ಲಿದೆ. ಯಾತನೆ ಅನುಭವಿಸಬೇಕಾದರೆ ಮನುಷ್ಯ ಅಲ್ಲಿ ಒಂದಷ್ಟು ದಿನವಾದರೂ ಬದುಕಿರಬೇಕಲ್ಲವೇ? ದುಡಿಸಿ, ಹಸಿವಿಗೆ ಕೆಡವಿ, ಕೊನೆಗೆ ಸಾಯಿಸುವ ಶಿಬಿರಗಳು ಬೇರೆ. ಆ ಹೆಸರು ಅವಕ್ಕೆ ಸಲ್ಲುತ್ತದೆ. ಬೆಲ್‌ಝೆಟ್ಸ್, ಸೊಬಿಬೋರ್, ಟ್ರೆಬ್ಲಿಂಕಾ ಎಂಬ ಮೂರು ಜಾಗಗಳನ್ನು ಕಟ್ಟಿದ್ದು ಕೊಲ್ಲುವುದಕ್ಕೇ ಹೊರತು ದುಡಿಸುವುದಕ್ಕಲ್ಲ. ರೈಲಿನಿಂದ ಇಳಿದ ಬಹುಪಾಲು ಜನ ಕೆಲವೇ ಗಂಟೆಗಳಲ್ಲಿ ಇಲ್ಲವಾಗುತ್ತಿದ್ದರು. ಆದ್ದರಿಂದಲೇ ಆಶ್‌ವಿಟ್ಸ್ ಎಂಬ ಹೆಸರು ನಮಗೆಲ್ಲ ಗೊತ್ತು, ಈ ಮೂರು ಹೆಸರುಗಳು ಅಷ್ಟಾಗಿ ಗೊತ್ತಿಲ್ಲ. ಹೇಳಲು ಬದುಕಿ ಬಂದವರು ಅಷ್ಟು ಕಡಿಮೆ. ಇವುಗಳನ್ನು ನಾನು ಹತ್ಯಾ ಶಿಬಿರ ಎಂದೇ ಕರೆಯುತ್ತೇನೆ.

ಸೊಬಿಬೋರ್ ಇರುವುದು ಪೋಲೆಂಡಿನ ಪೂರ್ವದ ಅಂಚಿನಲ್ಲಿ, ಬುಗ್ ನದಿಗೆ ಹತ್ತಿರವಾಗಿ, ಪೈನ್ ಮರಗಳ ಕಾಡಿನ ನಡುವೆ ಒಂದು ಚಿಕ್ಕ ರೈಲು ನಿಲ್ದಾಣದ ಎದುರಿಗೆ. 1942ರ ಮೇ ತಿಂಗಳಿನಿಂದ ಅಲ್ಲಿ ಕೊಲೆ ನಡೆಯತೊಡಗಿತು. ಇಳಿದವರಿಗೆ ಇದು ತಂಗುದಾಣವೆಂದೂ, ಸ್ನಾನ ಮಾಡಿಸಿ ಮುಂದಿನ ಊರಿಗೆ ಕೆಲಸಕ್ಕೆ ಕಳಿಸುತ್ತೇವೆಂದೂ ಹೇಳುತ್ತಿದ್ದರು. ಹಾಲೆಂಡಿನಿಂದ ಬಂದ ಕೆಲವರ ಕೈಯಲ್ಲಿ, ಸುಖವಾಗಿ ತಲುಪಿದ್ದೇವೆ ಎಂದು ಮನೆಗೆ ಕಾಗದವನ್ನೂ ಬರೆಸುತ್ತಿದ್ದರು. ಬಟ್ಟೆ ಕಳಚಿದ ಮೇಲೆ, ಎರಡೂ ಬದಿಗೆ ಮುಳ್ಳುತಂತಿಯೊಳಗೆ ಕೊಂಬೆರೆಂಬೆಗಳನ್ನು ಹೆಣೆದು ಮರೆ ಮಾಡಿದ ಒಂದು ಓಣಿಯಲ್ಲಿ ಅವರನ್ನು ಓಡಿಸುತ್ತಿದ್ದರು. ಶಿಬಿರ ನಡೆಸುತ್ತಿದ್ದ ಎಸ್‌ಎಸ್ ಎಂಬ ನಾಜಿ ಪಡೆಯವರು ಆ ಓಣಿಗೆ 'ಸ್ವರ್ಗಕ್ಕೆ ಹೋಗುವ ಬೀದಿ' ಎಂದು ಹೆಸರಿಟ್ಟಿದ್ದರು. ಅದರ ಕೊನೆಯಲ್ಲಿ ಇದ್ದದ್ದು ಅನಿಲದ ಕೋಣೆಗಳು. ಒಂದು ಎಂಜಿನ್ನಿನ ಹೊಗೆಯನ್ನು ಕೊಳವೆಯಲ್ಲಿ ಒಳಗೆ ಬಿಟ್ಟು ಜನರನ್ನು ಉಸಿರುಗಟ್ಟಿಸಿ ಕೊಲ್ಲುತ್ತಿದ್ದರು. ಒಂದೂವರೆ ವರ್ಷದಲ್ಲಿ ಅಲ್ಲಿ ಸತ್ತವರು ಕಡಿಮೆ ಎಂದರೂ 1,70,000 ಮಂದಿ; 2,50,000 ಎಂಬ ಲೆಕ್ಕವೂ ಇದೆ. ಇಷ್ಟನ್ನು ನಡೆಸಲು ಬೇಕಾದದ್ದು ಒಂದು ಸಲಕ್ಕೆ ಇಪ್ಪತ್ತು ಮೂವತ್ತು ಎಸ್‌ಎಸ್‌ನವರು ಮತ್ತು ನೂರರ ಆಸುಪಾಸಿನ ಕಾವಲುಗಾರರು ಮಾತ್ರ. ಉಳಿದ ಕೆಲಸವನ್ನೆಲ್ಲ, ಎಂದರೆ ಸತ್ತವರ ಬಟ್ಟೆ ವಿಂಗಡಿಸುವುದು, ಕೂದಲು ಕತ್ತರಿಸುವುದು, ಹೆಣ ಸುಡುವುದು, ಅಧಿಕಾರಿಗಳಿಗೆ ಬಟ್ಟೆ ಹೊಲಿದು ಬೂಟು ಮಾಡಿಕೊಡುವುದು, ಇವನ್ನೆಲ್ಲ ಮಾಡುತ್ತಿದ್ದವರು ಆ ಗಳಿಗೆಗೆ ಸಾಯದೆ ಉಳಿಸಿಕೊಂಡ ಯಹೂದಿ ಕೈದಿಗಳು. ಬಂಡಾಯದ ಹೊತ್ತಿಗೆ ಅವರು ಸುಮಾರು 600 ಮಂದಿ ಇದ್ದರು.

ಇನ್ನು ಈ ಚಿತ್ರ ಹುಟ್ಟಿದ ಬಗೆ. ಲಾಂಝ್‌ಮನ್ 1985ರಲ್ಲಿ 'ಶೋವಾ' ಎಂಬ ಒಂಬತ್ತು ಗಂಟೆಗೂ ಮೀರಿದ ಸಾಕ್ಷ್ಯಚಿತ್ರವನ್ನು ಹೊರತಂದರು. ಅದರಲ್ಲಿ ಹಳೆಯ ತುಣುಕುಗಳಾಗಲಿ ಹೆಣಗಳ ರಾಶಿಯಾಗಲಿ ಇಲ್ಲ. ಕಂಡವರ ಮಾತು ಇದೆ, ಆ ಜಾಗಗಳು ಈಗ ಹೇಗಿವೆ ಎಂಬ ನೋಟ ಇದೆ. ಆ ಚಿತ್ರಕ್ಕಾಗಿ 1979ರಲ್ಲಿ ಜೆರುಸಲೇಮಿನಲ್ಲಿ ಅವರು ಸೊಬಿಬೋರ್ ಬಂಡಾಯದಲ್ಲಿ ಕೊಡಲಿ ಹಿಡಿದು ಬದುಕಿ ಬಂದ ಯೆಹೂದಾ ಲೆರ್ನರ್ ಎಂಬುವರನ್ನು ಮಾತಾಡಿಸಿದ್ದರು. ಆದರೆ 'ಶೋವಾ' ಸಾವಿನ ಕುರಿತಾದ ಚಿತ್ರ. ಬದುಕಿ ಹೊರಬಂದ ಕಥೆಗೆ ಅದರೊಳಗೆ ಜಾಗ ಹೊಂದಲಿಲ್ಲ. ಹಾಗಾಗಿ ಆ ಮಾತುಕತೆ ಇಪ್ಪತ್ತೆರಡು ವರ್ಷ ಡಬ್ಬಿಯೊಳಗೇ ಉಳಿಯಿತು. ಲಾಂಝ್‌ಮನ್ ತಾವೇ ಹದಿಹರೆಯದಲ್ಲಿ ಫ್ರಾನ್ಸಿನ ಗುಪ್ತ ಪ್ರತಿರೋಧದಲ್ಲಿ ಇದ್ದವರು. ಲೆರ್ನರ್ ಕೈಯ ಕೊಡಲಿಯನ್ನು ಪಕ್ಕದ ಕಥೆಯೊಂದರ ಹಾಗೆ ತುರುಕದೆ, ಅದಕ್ಕೇ ಒಂದು ಇಡೀ ಚಿತ್ರ ಬೇಕೆಂದು ಅವರು ಕಾದರು ಎಂದು ನಾನು ತಿಳಿಯುತ್ತೇನೆ. ಕಾದದ್ದು ಒಳ್ಳೆಯದಾಯಿತು.

ಲೆರ್ನರ್ ಅವರನ್ನು ವಾರ್ಸಾದಿಂದ ಹಿಡಿದು ಒಯ್ದದ್ದು 1942ರ ಜುಲೈಯಲ್ಲಿ, ಅಲ್ಲಿನ ಯಹೂದಿ ಕೇರಿಯನ್ನು ಬರಿದು ಮಾಡಲು ನಾಜಿಗಳು ತೊಡಗಿದಾಗ. ಆಗ ಅವರಿಗೆ ಹದಿನಾರರ ಪ್ರಾಯ. ಮುಂದಿನ ಆರು ತಿಂಗಳಲ್ಲಿ ಅವರು ಎಂಟು ಶಿಬಿರಗಳಿಂದ ತಪ್ಪಿಸಿಕೊಂಡರು. ಪ್ರತಿಸಲವೂ ಸಿಕ್ಕಿಬಿದ್ದರು, ಮತ್ತೆ ಓಡಿದರು. ಇದನ್ನು ಅವರು ಹೇಳುವ ಧಾಟಿಯನ್ನು ನೀವು ಕಂಡಿರಿ. ಬೇಸಗೆ ರಜೆಯಲ್ಲಿ ಅಜ್ಜಿಯ ಊರಿಗೆ ಹೋಗಿಬಂದದ್ದನ್ನು ಹೇಳುವಷ್ಟು ಸರಾಗವಾಗಿ ಹೇಳುತ್ತಾರೆ. ಕೊನೆಗೆ ಅವರನ್ನು ಮಿನ್ಸ್ಕ್‌ನಲ್ಲಿ, ಸೋವಿಯತ್ ಸೇನೆಯ ಯಹೂದಿ ಯುದ್ಧಕೈದಿಗಳ ಜೊತೆ ಇಟ್ಟರು. ಅಲ್ಲಿಂದ 1943ರ ಸೆಪ್ಟೆಂಬರಿನಲ್ಲಿ ಇವರೆಲ್ಲರನ್ನೂ ರೈಲು ಸೊಬಿಬೋರ್‌ಗೆ ತಂದಿತು.

ಇಲ್ಲಿ ನಿಂತು, ಈ ಚಿತ್ರವನ್ನು ನೋಡುವಾಗ ನನ್ನನ್ನು ಎಲ್ಲಕ್ಕಿಂತ ಹೆಚ್ಚು ಹಿಡಿದು ನಿಲ್ಲಿಸಿದ ಸಂಗತಿಯನ್ನು ಹೇಳುತ್ತೇನೆ. ಲೆರ್ನರ್ ಮಾತಾಡುವುದು ಹೀಬ್ರೂವಿನಲ್ಲಿ. ಲಾಂಝ್‌ಮನ್‌ಗೆ ಹೀಬ್ರೂ ಬಾರದು. ಫ್ರಾನ್ಸಿನ್ ಕೌಫ್‌ಮನ್ ಎಂಬ ದುಭಾಷಿ ಮಾತು ಮಾತನ್ನೂ ಫ್ರೆಂಚಿಗೆ ತಂದುಕೊಡುತ್ತಾರೆ, ಮತ್ತು ನಿರ್ದೇಶಕರು ಆ ಅನುವಾದವನ್ನು ಕತ್ತರಿಸದೆ ಚಿತ್ರದಲ್ಲಿ ಉಳಿಸಿಕೊಂಡಿದ್ದಾರೆ. ನಾವು ಓದಿದ್ದು ಆ ಫ್ರೆಂಚಿನ ಇಂಗ್ಲಿಷ್ ಅಡಿಬರಹಗಳನ್ನು. ಈಗ ನಾನು ಹೇಳುತ್ತಿರುವುದು ಕನ್ನಡದಲ್ಲಿ. ಎಂದರೆ ಆ ಮಾತು ನಿಮ್ಮನ್ನು ಮುಟ್ಟುವಷ್ಟರಲ್ಲಿ ಮೂರು ಹೊಳೆ ದಾಟಿದೆ. ಇದನ್ನು ಒಂದು ಕೊರತೆ ಎಂದು ಯಾರಾದರೂ ಹೇಳಬಹುದು. ನನಗೆ ಹಾಗೆ ಅನಿಸುವುದಿಲ್ಲ. ಲೆರ್ನರ್ ಮಾತಾಡುವಾಗ ನಮಗೆ ಅರ್ಥ ಸಿಗುವುದಿಲ್ಲ, ಮುಖ ಮಾತ್ರ ಸಿಗುತ್ತದೆ. ಕಣ್ಣು ಹೊಳೆಯುತ್ತದೆ, ತುಟಿಯಂಚಿನಲ್ಲಿ ಒಂದು ನಗು ಬಂದು ಹೋಗುತ್ತದೆ, ಕೈ ಮೇಲೇಳುತ್ತದೆ. ಏನಿರಬಹುದು ಎಂದು ನಾವು ಕಾಯುತ್ತೇವೆ. ಆಮೇಲೆ ಇನ್ನೊಂದು ದನಿಯಲ್ಲಿ, ಕ್ಯಾಮೆರಾ ಇನ್ನೂ ಅದೇ ಮುಖದ ಮೇಲಿರುವಾಗ, ಆ ಕೈ ಎತ್ತಿದ್ದು ಯಾವುದಕ್ಕೆ ಎಂಬುದು ತಿಳಿಯುತ್ತದೆ. ಅಷ್ಟರಲ್ಲಿ ಅವರು ಹೇಳಿ ಮುಗಿಸಿ, ತಮ್ಮ ಮಾತನ್ನು ತಾವೇ ಇನ್ನೊಬ್ಬರ ಬಾಯಲ್ಲಿ ಕೇಳುತ್ತ ಕುಳಿತಿದ್ದಾರೆ. ಮೊದಲು ಮುಖ, ಆಮೇಲೆ ಸುದ್ದಿ. ನಾವು ದಿನವೂ ಸುದ್ದಿ ಕೇಳುವ ರೀತಿ ಇದಕ್ಕೆ ತೀರ ತಿರುವುಮುರುವು. ಈ ಸಭೆಯ ಮೌನ ಅಲ್ಲಿ ಶುರುವಾಯಿತು ಎಂದು ನನ್ನ ಎಣಿಕೆ.

ಬಾತುಗಳ ವಿಷಯವೂ ಇದಕ್ಕೆ ಸೇರಿದ್ದೇ. ಶಿಬಿರದಲ್ಲಿ ಬಾತುಗಳನ್ನು ಸಾಕಿದ್ದರು. ಅನಿಲದ ಕೋಣೆಗಳ ಕಡೆಯಿಂದ ಬರುವ ಚೀರಾಟ ಕೇಳಿಸದಿರಲೆಂದು ಅವನ್ನು ಅಟ್ಟಿ ಕೂಗಿಸುತ್ತಿದ್ದರು ಎಂದು ಲೆರ್ನರ್ ಹೇಳುತ್ತಾರೆ. ಆಗ ತೆರೆಯ ಮೇಲೆ ಬಾತುಗಳು ಬರುತ್ತವೆ. ಒಂದೆರಡು ಕ್ಷಣ ತೋರಿಸಿ ಬಿಡಬಹುದಿತ್ತು. ಬಿಡುವುದಿಲ್ಲ. ಬಿಳಿಯ ಹಿಂಡು ಸುತ್ತುತ್ತ ಹೋಗುತ್ತದೆ, ಕೂಗು ಏರುತ್ತ ಹೋಗುತ್ತದೆ, ನಮಗೆ ಸಾಕಾದ ಮೇಲೂ ನಿಲ್ಲುವುದಿಲ್ಲ. ನಾನು ಮೊದಲ ಸಲ ನೋಡಿದಾಗ ಆ ಭಾಗದಲ್ಲಿ ಕಿವಿ ಮುಚ್ಚಿಕೊಂಡಿದ್ದೆ. ಚೀರಾಟವನ್ನು ಕೇಳಿಸುವ ನಟನೆಗೆ ನಿರ್ದೇಶಕರು ಕೈಹಾಕಲಿಲ್ಲ. ಅದನ್ನು ಮುಚ್ಚಿದ ಸದ್ದನ್ನು ಮಾತ್ರ ಕೇಳಿಸಿದರು.

ಚಿತ್ರದಲ್ಲಿ ಒಬ್ಬರೇ ಸಾಕ್ಷಿ. ಹಾಗಾಗಿ ಲೆರ್ನರ್ ಕಣ್ಣಿಗೆ ಬೀಳದ ಸಂಗತಿಗಳನ್ನು ನಾನು ಸ್ವಲ್ಪ ತುಂಬಿಕೊಡಬೇಕು. ಶಿಬಿರದಲ್ಲಿ ಗುಟ್ಟಿನ ಗುಂಪೊಂದು ಮೊದಲೇ ಇತ್ತು. ಅದರ ಮುಂದಾಳು ಲಿಯೋನ್ ಫೆಲ್ಡ್‌ಹೆಂಡ್ಲರ್, ರಬ್ಬಿ ಎಂದರೆ ಯಹೂದಿ ಧರ್ಮಗುರುವೊಬ್ಬರ ಮಗ. ಬೆಲ್‌ಝೆಟ್ಸ್ ಶಿಬಿರ ಮುಚ್ಚಿದಾಗ ಅಲ್ಲಿ ಉಳಿದಿದ್ದ ಕೊನೆಯ ಕೈದಿಗಳನ್ನು 1943ರ ಬೇಸಗೆಯಲ್ಲಿ ಸೊಬಿಬೋರ್‌ಗೇ ತಂದು ಗುಂಡಿಟ್ಟು ಕೊಂದರು. ಅವರ ಬಟ್ಟೆಗಳನ್ನು ವಿಂಗಡಿಸುವಾಗ ಎಚ್ಚರಿಕೆಯ ಚೀಟಿ ಸಿಕ್ಕಿತು. ನಿಮಗೂ ಇದೇ ಗತಿ, ಸೇಡು ತೀರಿಸಿ ಎಂಬುದು ಅದರ ತಿರುಳು. ಬರುವ ರೈಲುಗಳೂ ಕಡಿಮೆಯಾಗತೊಡಗಿದ್ದವು. ರೈಲು ನಿಂತರೆ ಕೆಲಸಗಾರರ ಅಗತ್ಯವೂ ಮುಗಿಯಿತು ಎನ್ನುವುದು ಎಲ್ಲರಿಗೂ ಗೊತ್ತಿತ್ತು. ಒಬ್ಬಿಬ್ಬರು ಓಡಿದರೆ ಉಳಿದವರನ್ನು ಸಾಲಾಗಿ ನಿಲ್ಲಿಸಿ ಎಣಿಸಿ ಕೊಲ್ಲುತ್ತಿದ್ದರು. ಆದ್ದರಿಂದ ಓಡುವುದಾದರೆ ಎಲ್ಲರೂ ಓಡಬೇಕು. ಆದರೆ ಫೆಲ್ಡ್‌ಹೆಂಡ್ಲರ್ ಜೊತೆಗಿದ್ದವರಲ್ಲಿ ಸೇನೆಯ ಅನುಭವ ಇದ್ದವರು ಇರಲಿಲ್ಲ.

ಆ ಅನುಭವ ಬಂದಿಳಿದದ್ದು ಮಿನ್ಸ್ಕ್‌ನ ರೈಲಿನಲ್ಲಿ. ಸುಮಾರು 2,000 ಮಂದಿಯಲ್ಲಿ 80ರಷ್ಟು ಜನರನ್ನು ಕೆಲಸಕ್ಕೆಂದು ಆರಿಸಿದರು. ಉಳಿದವರು ಆ ಓಣಿಯಲ್ಲಿ ಹೋದರು. ಆ ಎಂಬತ್ತರಲ್ಲಿ ಲೆರ್ನರ್ ಇದ್ದರು, ಕೆಂಪು ಸೇನೆಯ ಲೆಫ್ಟಿನೆಂಟ್ ಅಲೆಕ್ಸಾಂಡರ್ ಪೆಚೆರ್ಸ್ಕಿಯೂ ಇದ್ದರು. ಅವರು ಕಾಲಿಟ್ಟಂದಿನಿಂದ ಬಂಡಾಯದವರೆಗೆ ಮೂರು ವಾರ, ಅಷ್ಟೇ. ಆ ಮೂರು ವಾರದಲ್ಲಿ ಹಾಕಿದ ಲೆಕ್ಕ ಹೀಗಿತ್ತು: ಒಬ್ಬೊಬ್ಬ ಎಸ್‌ಎಸ್ ಅಧಿಕಾರಿಯನ್ನೂ ಬೇರೆ ಬೇರೆ ಗಳಿಗೆಗೆ, ಬೇರೆ ಬೇರೆ ಕೋಣೆಗೆ ಕರೆಯುವುದು, ಹೊಸ ಕೋಟು ಬಂದಿದೆ, ಬೂಟು ಸಿದ್ಧವಾಗಿದೆ, ಹಾಕಿ ನೋಡಿ ಎಂದು. ಒಂದು ಗಂಟೆಯೊಳಗೆ ಸದ್ದಿಲ್ಲದೆ ಮುಗಿಸುವುದು. ಟೆಲಿಫೋನ್ ತಂತಿ ಕತ್ತರಿಸುವುದು. ಸಂಜೆಯ ಹಾಜರಿಗೆ ಎಲ್ಲರೂ ಸಾಲಾಗಿ ನಿಂತು, ಅಪ್ಪಣೆ ಬಂದಿದೆ ಎಂಬಂತೆ ದೊಡ್ಡ ಬಾಗಿಲಿನಿಂದಲೇ ನಡೆದು ಹೋಗುವುದು. ಗಾಳಕ್ಕೆ ಸಿಕ್ಕಿಸಿದ್ದು ಕೋಟು ಎಂಬುದನ್ನು ಮರೆಯಬೇಡಿ. ಸತ್ತವರ ಸಾಮಾನಿನಲ್ಲಿ ಒಳ್ಳೆಯದನ್ನು ತಮಗೆ ಆರಿಸಿಕೊಳ್ಳುವುದು ಆ ಅಧಿಕಾರಿಗಳಿಗೆ ಅಷ್ಟು ರೂಢಿಯಾಗಿತ್ತು. ಕೊಂದವರ ಚರ್ಮದ ಕೋಟಿನ ಆಸೆಗೆ ಅವರು ಬರುತ್ತಾರೆ ಎಂಬ ನಂಬಿಕೆಯ ಮೇಲೆ ಇಡೀ ಯೋಜನೆ ನಿಂತಿತ್ತು.

ಮತ್ತು ಅವರು ಸರಿಯಾದ ಹೊತ್ತಿಗೆ ಬರುತ್ತಾರೆ ಎಂಬ ನಂಬಿಕೆಯ ಮೇಲೆ. ಲೆರ್ನರ್ ಇದನ್ನು ಒತ್ತಿ ಹೇಳುತ್ತಾರೆ. ಜರ್ಮನ್ನರು ಹೇಳಿದ ಗಳಿಗೆ ತಪ್ಪುವವರಲ್ಲ. ಅದರಿಂದಲೇ ಇದು ಕೈಗೂಡಿತು ಎನ್ನುತ್ತಾರೆ. ಈಗ ಚಿತ್ರದ ಹೆಸರಿಗೆ ಮರಳಿ ಬನ್ನಿ. ದಿನಕ್ಕೆ ಎಷ್ಟು ರೈಲು, ರೈಲಿಗೆ ಎಷ್ಟು ಡಬ್ಬಿ, ಇಳಿದ ಎಷ್ಟು ಹೊತ್ತಿಗೆ ಮುಗಿಯಬೇಕು ಎಂದು ಗಡಿಯಾರ ಹಿಡಿದು ಕೊಲ್ಲುತ್ತಿದ್ದ ಜಾಗ ಅದು. ಕೈದಿಗಳು ಕೊಲೆಗಾರರ ಆ ಗಡಿಯಾರವನ್ನೇ ಒಂದು ಗಂಟೆಯ ಮಟ್ಟಿಗೆ ತಮ್ಮ ಕೈಗೆ ತೆಗೆದುಕೊಂಡರು. ಅದಕ್ಕೇ ಹೆಸರಿನಲ್ಲಿ ಗಳಿಗೆ ಉಳಿದಿದೆ ಎಂದು ನಾನು ಓದುತ್ತೇನೆ.

ದರ್ಜಿಗಳ ಕೋಣೆಯ ಆ ಭಾಗವನ್ನು ನಿಮಗೆ ಮತ್ತೆ ನೆನಪಿಸಬೇಕಾಗಿಲ್ಲ, ಆದರೂ ಎರಡು ಮಾತು ಹೇಳಬೇಕು. ಲೆರ್ನರ್ ಹೊಲಿಗೆಯವರಂತೆ ಕುಳಿತಿದ್ದಾರೆ, ಕೊಡಲಿ ಬಟ್ಟೆಯ ಮರೆಯಲ್ಲಿದೆ. ನಾಲ್ಕಕ್ಕೆ ಬಾಗಿಲು ತೆರೆದು ಎತ್ತರದ ಆಳು ಒಳಗೆ ಬರುತ್ತಾನೆ. ಕಾವಲುಪಡೆಯ ಮೇಲಧಿಕಾರಿ ಗ್ರೇಟ್‌ಶುಸ್. ದರ್ಜಿ ಕೋಟು ತೊಡಿಸುತ್ತಾನೆ, ಅಳತೆ ನೋಡುತ್ತಾನೆ, ಆತ ಬೆನ್ನು ತಿರುಗಿಸುತ್ತಾನೆ. ಲೆರ್ನರ್ ಎದ್ದು ಒಂದೇ ಏಟು ಹಾಕುತ್ತಾರೆ. ಅದಕ್ಕೆ ಮುಂಚೆ ಎಂದಾದರೂ ಕೊಂದದ್ದುಂಟೇ ಎಂಬುದು ಲಾಂಝ್‌ಮನ್ ಅವರ ಪ್ರಶ್ನೆ. ಇಲ್ಲ, ಯಾರನ್ನೂ ಕೊಂದಿರಲಿಲ್ಲ. ಹೆಣವನ್ನು ಕೋಟುಗಳ ರಾಶಿಯಡಿ ಮುಚ್ಚುತ್ತಾರೆ. ಐದು ನಿಮಿಷ ಕಳೆದು ಇನ್ನೊಬ್ಬ ಬರುತ್ತಾನೆ. ಅವನ ಕಾಲು ರಾಶಿಯಿಂದ ಹೊರಚಾಚಿದ ಸತ್ತವನ ಕೈಯನ್ನು ತುಳಿಯುತ್ತದೆ. ಇದೇನು ಎಂದು ಕೂಗುವಷ್ಟರಲ್ಲಿ ಅವನೂ ಬೀಳುತ್ತಾನೆ. ಹಗೆಯ ಮಾತು ಲೆರ್ನರ್ ಬಾಯಲ್ಲಿ ಬರುವುದಿಲ್ಲ, ಹೆಮ್ಮೆ ಬರುತ್ತದೆ, ಮತ್ತು ಆ ಕೈಯನ್ನು ತುಳಿದ ಸಂಗತಿ ಬರುತ್ತದೆ. ಕಟ್ಟುಕಥೆ ಹೇಳುವವರಿಗೆ ಆ ಕೈ ಹೊಳೆಯುವುದಿಲ್ಲ.

ಯಹೂದಿಗಳು ಕಟುಕನ ಹಿಂದೆ ಕುರಿಗಳ ಹಾಗೆ ಹೋದರು ಎಂಬ ಮಾತನ್ನು ನೀವು ಕೇಳಿರುತ್ತೀರಿ. ಈ ಮಾತಿಗೊಂದು ಹಿನ್ನೆಲೆಯಿದೆ. 1942ರ ಹೊಸವರ್ಷದ ಹೊತ್ತಿಗೆ ವಿಲ್ನಾ ನಗರದ ಯಹೂದಿ ಕೇರಿಯಲ್ಲಿ ಕವಿ ಆಬಾ ಕೋವ್ನರ್ ಹೊರಡಿಸಿದ ಕರೆಯಲ್ಲಿ, ಕುರಿಗಳಂತೆ ಹೋಗುವುದು ಬೇಡ, ಎದುರು ನಿಲ್ಲೋಣ ಎಂಬ ಅರ್ಥದಲ್ಲಿ ಅದು ಬಂತು. ತಮ್ಮವರನ್ನು ಎಬ್ಬಿಸಲು ಆಡಿದ ಆ ಮಾತನ್ನು ಯುದ್ಧ ಮುಗಿದ ಮೇಲೆ ಸತ್ತವರ ಮೇಲೆ ಹೊರಿಸಿದರು. ಇದು ನನಗೆ ಸಿಟ್ಟು ಬರಿಸುವ ಸಂಗತಿ, ಮುಚ್ಚಿಡುವುದಿಲ್ಲ. ದಿನಗಟ್ಟಲೆ ನೀರಿಲ್ಲದ ಡಬ್ಬಿಯಲ್ಲಿ ಮಕ್ಕಳನ್ನು ಎತ್ತಿಕೊಂಡು ಬಂದು, ಸ್ನಾನದ ಮನೆ ಎಂದು ನಂಬಿ ಬಟ್ಟೆ ಕಳಚಿದ ತಾಯಿ ಕೊಡಲಿಯನ್ನು ಎಲ್ಲಿಂದ ತರಬೇಕಿತ್ತು? ಎಂಟು ಸಲ ಓಡಿ ನುರಿತ ಹುಡುಗ, ಯುದ್ಧ ಕಂಡ ಸೈನಿಕರು, ತಿಂಗಳುಗಟ್ಟಲೆ ಶಿಬಿರದ ಇಂಚಿಂಚನ್ನೂ ನೋಡಿಟ್ಟುಕೊಂಡ ಹಳೆಯ ಕೈದಿಗಳು, ಬಟ್ಟೆಯ ಆಸೆಗೆ ಬಿದ್ದ ಅಧಿಕಾರಿಗಳು, ಶಿಬಿರದ ಮೇಲಧಿಕಾರಿಗಳಲ್ಲಿ ಇಬ್ಬರು ರಜೆಯ ಮೇಲೆ ಹೋದ ದಿನ, ಇಷ್ಟೂ ಒಂದೇ ಗಳಿಗೆಗೆ ಕೂಡಿ ಬಂದಾಗ ಬಂಡಾಯ ಆಯಿತು. ಅದೇ 1943ರ ಆಗಸ್ಟ್ 2ರಂದು ಟ್ರೆಬ್ಲಿಂಕಾದಲ್ಲಿ, ಮುಂದಿನ ವರ್ಷ ಅಕ್ಟೋಬರ್ 7ರಂದು ಆಶ್‌ವಿಟ್ಸ್‌ನಲ್ಲಿ ಕೈದಿಗಳು ಎದ್ದು ನಿಂತರು. ಅಲ್ಲಿಯೂ ತಿಂಗಳುಗಳ ಸಿದ್ಧತೆ ಹಿಂದಿತ್ತು; ಆಶ್‌ವಿಟ್ಸ್‌ನಲ್ಲಿ ಕಾರ್ಖಾನೆಯ ಹೆಂಗಸರು ಸಿಡಿಮದ್ದನ್ನು ಚಿಟಿಕೆ ಚಿಟಿಕೆಯಾಗಿ ಕದ್ದು ಸಾಗಿಸಿದ್ದರು, ಅದಕ್ಕಾಗಿ ನಾಲ್ವರು ನೇಣು ಕಂಡರು.

ಸೊಬಿಬೋರ್‌ನಲ್ಲಿ ಅಂದುಕೊಂಡದ್ದು ಅರ್ಧ ನಡೆಯಿತು. ಉಪಮುಖ್ಯಾಧಿಕಾರಿ ನೀಮನ್ ಸೇರಿ ಹತ್ತಕ್ಕೂ ಹೆಚ್ಚು ಎಸ್‌ಎಸ್‌ನವರು ಸತ್ತರು. ಅಷ್ಟರಲ್ಲಿ ಗುಟ್ಟು ಹೊರಬಿದ್ದು ಗುಂಡು ಹಾರತೊಡಗಿತು. ಸಾಲು ಹಿಡಿದು ಬಾಗಿಲಿನಿಂದ ನಡೆದುಹೋಗುವ ಮಾತು ಅಲ್ಲಿಗೆ ಮುಗಿಯಿತು. ಜನ ಮುಳ್ಳುಬೇಲಿಯ ಮೇಲೆ ಬಿದ್ದು ನುಗ್ಗಿದರು. ಲೆರ್ನರ್ ಕಾಡು ಸೇರುತ್ತಾರೆ, ಕತ್ತಲಾಗುತ್ತಿದೆ, ಕಾಲು ಸೋತು ಅಲ್ಲೇ ಬಿದ್ದು ನಿದ್ದೆ ಹೋಗುತ್ತಾರೆ. ಲಾಂಝ್‌ಮನ್ ಅಲ್ಲಿಗೆ ಮಾತು ನಿಲ್ಲಿಸುತ್ತಾರೆ. ಮುಂದಿನದು ಬಿಡುಗಡೆಯ ಬೇರೊಂದು ಕಥೆ, ಇಲ್ಲಿಗೆ ಸಾಕು ಎಂಬುದು ಅವರ ನಿಲುವು. ಈ ಚಿತ್ರದಲ್ಲಿ ಅವರೊಡನೆ ನನ್ನ ಮನಸ್ಸು ಪೂರ್ತಿ ಕೂಡದ ಜಾಗ ಇದೊಂದೇ. ಓಡಿದ ನಿದ್ದೆಗಣ್ಣಿನ ಹುಡುಗನನ್ನು ಕಾಡಿನಲ್ಲಿ ಬಿಟ್ಟು ಬರುವುದು ಚೆಲುವಾದ ನಿಲುಗಡೆ ನಿಜ. ಆದರೆ ಬೇಲಿಗೂ ಕಾಡಿಗೂ ನಡುವೆ ನೆಲಬಾಂಬು ಹೂತ ಬಯಲಿತ್ತು. ಮೊದಲು ಓಡಿದವರು ಅದರ ಮೇಲೆ ಬಿದ್ದು ಸತ್ತು ಹಿಂದಿನವರಿಗೆ ದಾರಿಯಾದರು. ಸುಮಾರು 300 ಮಂದಿ ಶಿಬಿರದಿಂದ ಹೊರಬಿದ್ದರು. ಅವರಲ್ಲಿ ಹಲವರನ್ನು ಮುಂದಿನ ದಿನಗಳಲ್ಲಿ ಬೆನ್ನಟ್ಟಿ ಹಿಡಿದು ಕೊಂದರು. ಯುದ್ಧ ಮುಗಿಯುವ ತನಕ ಬದುಕಿದವರು ಐವತ್ತರ ಆಸುಪಾಸು. ಫೆಲ್ಡ್‌ಹೆಂಡ್ಲರ್ ಬದುಕಿ ಉಳಿದರು, ಆದರೆ 1945ರ ಏಪ್ರಿಲಿನಲ್ಲಿ, ಜರ್ಮನ್ನರು ಬಿಟ್ಟುಹೋದ ಲುಬ್ಲಿನ್ ನಗರದಲ್ಲಿ, ಗುಂಡೇಟಿಗೆ ಸತ್ತರು. ಪೆಚೆರ್ಸ್ಕಿ ರೊಸ್ತೋವ್‌ನಲ್ಲಿ 1990ರವರೆಗೆ ಬದುಕಿದ್ದರು.

ಓಡಲು ಆಗದೆ ಉಳಿದವರೂ ಇದ್ದರು. ಅನಿಲದ ಕೋಣೆಗಳ ಬಳಿ ಹೆಣ ಸುಡುತ್ತಿದ್ದ ಕೈದಿಗಳನ್ನು ಮೂರನೆಯ ಆವರಣದಲ್ಲಿ, ಉಳಿದವರ ಕಣ್ಣಿಗೂ ಬೀಳದಂತೆ ಬೇರೆಯಾಗಿಟ್ಟಿದ್ದರು. ಅವರನ್ನು ಬಂಡಾಯದೊಳಗೆ ಸೇರಿಸಿಕೊಳ್ಳುವ ದಾರಿಯೇ ಇರಲಿಲ್ಲ. ನಾಲ್ಕು ಗಂಟೆ ಎಂಬುದು ಅವರಿಗೆ ಗೊತ್ತಿರಲಿಲ್ಲ. ಅವರನ್ನೂ ಉಳಿದೆಲ್ಲರನ್ನೂ ನಾಜಿಗಳು ಕೊಂದರು. ಆಮೇಲೆ ಟ್ರೆಬ್ಲಿಂಕಾದಿಂದ ಬೇರೆ ಯಹೂದಿ ಕೈದಿಗಳನ್ನು ತಂದು ಕಟ್ಟಡಗಳನ್ನು ಕೆಡವಿಸಿ, ನವೆಂಬರಿನಲ್ಲಿ ಅವರನ್ನೂ ಕೊಂದು, ಆ ನೆಲದ ಮೇಲೆ ಮರ ನೆಟ್ಟರು. ಅನಿಲದ ಕೋಣೆಗಳ ಅಡಿಪಾಯ ಮಣ್ಣಿನಿಂದ ಮೇಲೆ ಬಂದದ್ದು 2014ರ ಉತ್ಖನನದಲ್ಲಿ.

ಚಿತ್ರದ ಕೊನೆಯಲ್ಲಿ ಏನಾಯಿತು ಎಂಬುದನ್ನು ಗಮನಿಸಿದಿರಲ್ಲವೇ? ಲೆರ್ನರ್ ಮುಖ ಮರೆಯಾಗಿ ಒಂದು ಪಟ್ಟಿ ಮೇಲೇರತೊಡಗುತ್ತದೆ. ಸೊಬಿಬೋರ್‌ಗೆ ಜನರನ್ನು ತಂದ ಸಾಗಣೆಗಳ ಪಟ್ಟಿ: ಹೊರಟ ಊರು, ಜನರ ಸಂಖ್ಯೆ. ಲಾಂಝ್‌ಮನ್ ತಮ್ಮದೇ ದನಿಯಲ್ಲಿ ಒಂದೊಂದನ್ನೂ ಓದುತ್ತಾರೆ, ಅವಸರವಿಲ್ಲದೆ, ಯಾವ ಊರಿಗೂ ದನಿ ಏರಿಸದೆ. ಪೋಲೆಂಡಿನ ಸಣ್ಣ ಪೇಟೆಗಳು, ಸ್ಲೊವಾಕಿಯಾ, ಹಾಲೆಂಡ್. ನಮ್ಮ ಸಭೆಯ ಹಿಂದಿನ ಸಾಲಿನಲ್ಲಿ ಒಬ್ಬಿಬ್ಬರು ಚಿತ್ರ ಮುಗಿಯಿತೆಂದು ಎದ್ದವರು, ಓದು ನಿಲ್ಲದ್ದನ್ನು ಕಂಡು ಮತ್ತೆ ಕುಳಿತರು. ಪಟ್ಟಿ ಮುಗಿಯುವ ತನಕ ಕುಳಿತೇ ಇದ್ದರು.